ಸೇಂಟ್ ಲೂಯಿಸ್ ನೋಡೋದು ಹೇಗೆ: ಆರ್ಚ್ ಒಂದೇ ಅಲ್ಲ, ಎರಡು ದಿನ ಇಟ್ಟುಕೊಂಡು ಬನ್ನಿ

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ. ಶಿಕಾಗೋದಿಂದ ಐದು ಗಂಟೆ ಕಾರು ಓಡಿಸಿಕೊಂಡು ಬರುತ್ತಾರೆ. ಅಮೆರಿಕ ಪಶ್ಚಿಮಕ್ಕೆ ಹರಡಿದ್ದರ ನೆನಪಿಗೆ ಕಟ್ಟಿದ ಉಕ್ಕಿನ ಕಮಾನು, ಗೇಟ್‌ವೇ ಆರ್ಚ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಟಿಕೆಟ್ ಸಿಕ್ಕರೆ ಮೇಲೆ ಹೋಗಿ ಬರುತ್ತಾರೆ. ಸಂಜೆಗೆ ವಾಪಸ್. ಆಮೇಲೆ ಯಾರಾದರೂ ಕೇಳಿದರೆ ‘ಅಲ್ಲೇನಿದೆ, ಒಂದು ಕಮಾನು ಅಷ್ಟೇ’ ಅಂತಾರೆ.

ಆ ಕಮಾನಿನಿಂದ ಹತ್ತು ನಿಮಿಷ ನಡೆದರೆ ಒಂದು ಹಳೇ ಕೋರ್ಟು (ಓಲ್ಡ್ ಕೋರ್ಟ್‌ಹೌಸ್) ಸಿಗುತ್ತದೆ. ಅಲ್ಲಿ ಶುರುವಾದ ಒಂದು ಕೇಸು ಅಮೆರಿಕವನ್ನು ಅಂತರ್ಯುದ್ಧದ ಕಡೆಗೆ ತಳ್ಳಿತು. ಮಿಸಿಸಿಪ್ಪಿ ನದಿ ದಾಟಿ ಸ್ವಲ್ಪ ದೂರ ಹೋದರೆ ಸಾವಿರ ವರ್ಷ ಹಿಂದಿನ ಊರೊಂದರ ಮಣ್ಣಿನ ದಿಬ್ಬಗಳಿವೆ. ಇವುಗಳಲ್ಲಿ ಮುಕ್ಕಾಲು ಪಾಲು ಪುಕ್ಕಟೆ ಬೇರೆ. ಹಾಗಾಗಿ ಎರಡು ದಿನ ಇಟ್ಟುಕೊಳ್ಳಿ. ಯಾವುದನ್ನು ಯಾವ ಹೊತ್ತಿಗೆ ನೋಡಬೇಕು ಅಂತ ಕೆಳಗೆ ಹೇಳಿದ್ದೇನೆ.

ಹೊರಡುವ ಮೊದಲು

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನ ಸೆಕೆ ಇರುತ್ತದೆ, ಸಮುದ್ರದ ಗಾಳಿ ಮಾತ್ರ ಇರುವುದಿಲ್ಲ. ಊರಿಂದ ಅಪ್ಪ ಅಮ್ಮ ಬೇಸಿಗೆಯಲ್ಲೇ ಬರುವುದರಿಂದ ನಮ್ಮಲ್ಲಿ ಹಲವರಿಗೆ ಬೇರೆ ದಾರಿಯಿಲ್ಲ. ಹಾಗಿದ್ದರೆ ಬಯಲಲ್ಲಿ ನೋಡುವುದನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಎಸಿ ಇರುವ ಮ್ಯೂಸಿಯಂ ಸೇರಿಕೊಳ್ಳಿ.

ಆರ್ಚ್ ಮೇಲೆ ಹೋಗುವ ಟ್ರಾಮ್ ಟಿಕೆಟ್ಟನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ವಾರಾಂತ್ಯಕ್ಕೆ ಬಂದು ಅಲ್ಲೇ ಕೊಳ್ಳೋಣ ಅಂದರೆ ಬೆಳಗಿನ ಹೊತ್ತಿನವು ಖಾಲಿಯಾಗಿರುತ್ತವೆ. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸ್ ಇದ್ದರೆ ಮರೆಯದೆ ತನ್ನಿ. ಟಿಕೆಟ್‌ನಲ್ಲಿ ಸೇರಿರುವ ಪ್ರವೇಶ ಶುಲ್ಕ ಉಳಿಯುತ್ತದೆ, ಟ್ರಾಮಿನ ದುಡ್ಡು ಕೊಡಲೇಬೇಕು.

ಇನ್ನೊಂದು ವಿಷಯ. ಕಾರ್ಡಿನಲ್ಸ್ ತಂಡದ ಬೇಸ್‌ಬಾಲ್ ಪಂದ್ಯ ಇದೆಯಾ ಅಂತ ನೋಡಿಕೊಳ್ಳಿ. ಸ್ಟೇಡಿಯಂ ಇರುವುದು ಕೋರ್ಟ್‌ಹೌಸ್‌ನ ಪಕ್ಕಕ್ಕೇ ಅನ್ನಬಹುದು. ಪಂದ್ಯದ ದಿನ ಪಾರ್ಕಿಂಗ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಮೆಟ್ರೋಲಿಂಕ್ ರೈಲು ಹಿಡಿದರೆ ಈ ತಲೆನೋವಿಲ್ಲ. ವಿಮಾನ ನಿಲ್ದಾಣದಿಂದಲೇ ಶುರುವಾಗುವ ಈ ರೈಲು ಫಾರೆಸ್ಟ್ ಪಾರ್ಕ್, ಯೂನಿಯನ್ ಸ್ಟೇಷನ್, ಡೌನ್‌ಟೌನ್, ಆರ್ಚ್ ಎಲ್ಲ ಮುಟ್ಟಿ ನದಿ ದಾಟುತ್ತದೆ. ಡೌನ್‌ಟೌನ್ ಕೆಳಗೆ ಅದು ಹಾದು ಹೋಗುವ ಸುರಂಗ 1874ರದ್ದು, ನದಿ ದಾಟುವ ಸೇತುವೆಯೂ ಆ ವರ್ಷದ್ದೇ. ಟಿಕೆಟ್ ದುಡ್ಡಿನಲ್ಲಿ ಇತಿಹಾಸವೂ ಸಿಕ್ಕಿತು.

ಕಾರಲ್ಲೇ ಬಂದರೆ ಸೀಟಿನ ಮೇಲೆ ಬ್ಯಾಗು, ಲ್ಯಾಪ್‌ಟಾಪು ಕಾಣುವ ಹಾಗೆ ಬಿಡಬೇಡಿ. ಇಲ್ಲಿ ಕಾರಿನ ಗಾಜು ಒಡೆಯುವುದು ಅಪರೂಪವೇನಲ್ಲ.

ಮೊದಲ ದಿನ ಬೆಳಿಗ್ಗೆ: ಆರ್ಚ್

ಟ್ರಾಮಿಗೆ ಹೋಗುವ ಮೊದಲು ಸುಮ್ನೆ ನದಿಯ ಕಡೆಯ ಮೆಟ್ಟಿಲುಗಳಿಗೆ ಬನ್ನಿ. ನದಿ ಪೂರ್ವಕ್ಕಿದೆ. ಬೆಳಗಿನ ಬಿಸಿಲು ನೇರ ಆರ್ಚ್ ಮೇಲೆ ಬಿದ್ದು ಸ್ಟೇನ್‌ಲೆಸ್ ಸ್ಟೀಲು ಹೊಳೆಯುತ್ತದೆ. ಫೋಟೋ ಇದೇ ಹೊತ್ತಿಗೆ ಚೆನ್ನಾಗಿ ಬರುವುದು. ಸಂಜೆ ಇಲ್ಲಿಂದ ತೆಗೆದರೆ ಬರೀ ಕಪ್ಪು ಆಕಾರ.

ಆರ್ಚ್‌ನ ಎತ್ತರ 630 ಅಡಿ. ಎರಡು ಕಾಲುಗಳ ನಡುವಿನ ಅಗಲವೂ 630 ಅಡಿ. ಕೆಳಗೆ ನಿಂತವರಿಗೆ ಅಗಲಕ್ಕಿಂತ ಎತ್ತರವೇ ಜಾಸ್ತಿ ಅನ್ನಿಸುತ್ತದೆ, ಆದರೆ ಎರಡೂ ಸಮ. ವಿನ್ಯಾಸ ಫಿನ್‌ಲ್ಯಾಂಡ್ ಮೂಲದ ಏರೋ ಸಾರಿನೆನ್ ಅವರದ್ದು. 1947–48ರ ಸ್ಪರ್ಧೆಗೆ ಅವರ ತಂದೆ ಎಲಿಯೆಲ್ ಕೂಡ ಬೇರೆಯಾಗಿ ವಿನ್ಯಾಸ ಕಳಿಸಿದ್ದರು. ಆಯ್ಕೆಯಾಗಿದ್ದು ಮಗನದ್ದು, ತಂತಿ ಬಂದಿದ್ದು ಮಾತ್ರ ಅಪ್ಪನ ಹೆಸರಿಗೆ! ಮನೆಯವರೆಲ್ಲ ಅಪ್ಪನಿಗಾಗಿ ಶಾಂಪೇನ್ ಬಾಟಲಿ ತೆರೆದರು. ತಪ್ಪಾಗಿದೆ ಅಂತ ಆಮೇಲೆ ಗೊತ್ತಾಗಿ, ಮಗನಿಗಾಗಿ ಇನ್ನೊಂದು ತೆರೆದರಂತೆ. ಏರೋ 1961ರಲ್ಲೇ ತೀರಿಕೊಂಡರು. ತಮ್ಮ ಕಮಾನು ಏಳುವುದನ್ನು ಅವರು ನೋಡಲಿಲ್ಲ.

ಕಟ್ಟಿದ ರೀತಿಯೂ ಸ್ವಾರಸ್ಯ. ಎರಡು ಕಾಲುಗಳನ್ನು ಬೇರೆ ಬೇರೆಯಾಗಿ ಎಬ್ಬಿಸುತ್ತಾ ಬಂದು, 1965ರ ಅಕ್ಟೋಬರ್ 28ರಂದು ತುದಿಯ ಕೊನೇ ತುಂಡನ್ನು ಕೂರಿಸಿದರು. ಅವತ್ತು ಬಿಸಿಲಿಗೆ ದಕ್ಷಿಣದ ಕಾಲು ಹಿಗ್ಗಿತ್ತು. ಅದನ್ನು ತಣಿಸಲು ಫೈರ್ ಬ್ರಿಗೇಡಿನವರು ಪೈಪಿನಲ್ಲಿ ನೀರು ಹೊಡೆದರು. ಜಾಕ್ ಹಾಕಿ ಎರಡೂ ಕಾಲುಗಳನ್ನು ಸ್ವಲ್ಪ ದೂರ ತಳ್ಳಿ, ನಡುವೆ ಆ ತುಂಡನ್ನು ಇಳಿಸಿದರು.

ಒಳಗೆ ಹೋಗುವ ಬಾಗಿಲು ಆರ್ಚ್‌ನ ಕೆಳಗಿಲ್ಲ, ಪಶ್ಚಿಮಕ್ಕೆ ಕೋರ್ಟ್‌ಹೌಸ್ ಕಡೆ ಇದೆ. ಏರ್‌ಪೋರ್ಟಿನಂಥ ತಪಾಸಣೆ ಇರುತ್ತದೆ, ಜೇಬಿನ ಚಾಕು ಗೀಕು ಹೋಟೆಲಲ್ಲೇ ಬಿಟ್ಟು ಬನ್ನಿ. ಟಿಕೆಟ್ ಹೊತ್ತಿಗೆ ಅರ್ಧ ಗಂಟೆ ಮೊದಲು ಸಾಲಲ್ಲಿರಿ.

ಟ್ರಾಮ್ ಅಂದರೆ ಬೀದಿಯ ಟ್ರಾಮ್ ಅಂದುಕೊಳ್ಳಬೇಡಿ. ಮೊಟ್ಟೆಯಾಕಾರದ ಒಂದು ಸಣ್ಣ ಬಿಳಿ ಡಬ್ಬಿ. ಒಳಗೆ ಸುತ್ತಲೂ ಐದು ಸೀಟು. ಬಾಗಿಲು ನಾಲ್ಕು ಅಡಿ ಎತ್ತರ, ಬಗ್ಗಿಯೇ ಒಳಗೆ ಹೋಗಬೇಕು. ಇಂಥ ಎಂಟು ಡಬ್ಬಿ ಸೇರಿ ಒಂದು ಟ್ರಾಮು. ಆರ್ಚ್ ಬಾಗಿದ ಹಾಗೆ ಡಬ್ಬಿಯೂ ಟಕ್ ಟಕ್ ಅಂತ ಜರುಗಿ ನೆಟ್ಟಗಾಗುತ್ತಾ ಹೋಗುತ್ತದೆ. ಬಾಗಿಲಿನ ಗಾಜಿನಾಚೆ ಆರ್ಚ್‌ನ ಹೊಟ್ಟೆಯೊಳಗಿನ ಮೆಟ್ಟಿಲು, ಕಬ್ಬಿಣ, ಬಲ್ಬು ಕಾಣುತ್ತವೆ. ಐದು ಜನರ ಮೊಣಕಾಲು ಒಂದಕ್ಕೊಂದು ತಾಗುತ್ತಿರುತ್ತವೆ. ಮೇಲೆ ಹೋಗಲು ನಾಲ್ಕು ನಿಮಿಷ, ಇಳಿಯಲು ಮೂರು. ಇಕ್ಕಟ್ಟು ಜಾಗಕ್ಕೆ ಹೆದರುವವರು ಯೋಚಿಸಿ ಹತ್ತಿ.

ಮೇಲಿನ ಕೋಣೆಯ ನೆಲವೇ ಬಾಗಿದೆ. ಕಿಟಕಿಗಳು ಏಳು ಇಂಚು ಎತ್ತರ, ಇಪ್ಪತ್ತೇಳು ಇಂಚು ಅಗಲ, ಅಷ್ಟೇ. ಓರೆ ಗೋಡೆಯ ಮೇಲೆ ಹೊಟ್ಟೆ ಊರಿ ಮಲಗಿದ ಹಾಗೆ ಒರಗಿ ಕೆಳಗೆ ನೋಡಬೇಕು. ಪೂರ್ವಕ್ಕೆ ಮಿಸಿಸಿಪ್ಪಿ, ಅದರ ಮೇಲೆ ಸಾಲು ಸಾಲು ಬಾರ್ಜ್‌ಗಳು, ಆಚೆ ಇಲಿನಾಯ್. ಪಶ್ಚಿಮಕ್ಕೆ ಕೋರ್ಟ್‌ಹೌಸ್‌ನ ಗುಮ್ಮಟ. ಮೇಲೆ ಟಾಯ್ಲೆಟ್ ಇಲ್ಲ. ಮಕ್ಕಳನ್ನು ಕೆಳಗೇ ಕರೆದುಕೊಂಡು ಹೋಗಿ ಬನ್ನಿ.

ವೀಲ್‌ಚೇರ್ ಮೇಲಕ್ಕೆ ಹೋಗುವುದಿಲ್ಲ. ಹತ್ತೋದಿಕ್ಕೆ ಆಗದ ಹಿರಿಯರಿದ್ದರೆ ಬೇಜಾರು ಬೇಡ. ಆರ್ಚ್ ಅಡಿಯ ಮ್ಯೂಸಿಯಂ 2018ರಲ್ಲಿ ಹೊಸದಾಗಿ ಸಿದ್ಧವಾಗಿದೆ, ಪುಕ್ಕಟೆ. 1764ರಲ್ಲಿ ಪಿಯರ್ ಲಾಕ್ಲೀಡ್ ಮತ್ತು ಹದಿಹರೆಯದ ಅಗಸ್ಟ್ ಶೂಟೋ ತುಪ್ಪಳದ ವ್ಯಾಪಾರಕ್ಕೆ ಈ ಊರು ಕಟ್ಟಿದಲ್ಲಿಂದ ಕಥೆ ಶುರುವಾಗುತ್ತದೆ. ಅಮೆರಿಕ ಪಶ್ಚಿಮಕ್ಕೆ ಹರಡಿದ್ದನ್ನು ಮೂಲನಿವಾಸಿಗಳ ಕಣ್ಣಿನಿಂದಲೂ ತೋರಿಸಿದ್ದಾರೆ. ಒಂದು ಗಂಟೆ ಧಾರಾಳವಾಗಿ ಬೇಕು.

ಹೊರಗೆ ಬಂದಾಗ ಪಕ್ಕದ ಹಳೇ ಕ್ಯಾಥೆಡ್ರಲ್‌ಗೆ ಐದು ನಿಮಿಷ ಕೊಡಿ. 1834ರದ್ದು. ಆರ್ಚ್ ಜಾಗಕ್ಕಾಗಿ ನದಿ ದಂಡೆಯ ಸುಮಾರು ನಲವತ್ತು ಬ್ಲಾಕ್ ಹಳೇ ಊರನ್ನೇ ಕೆಡವಿದರು. ಈ ಚರ್ಚನ್ನು ಮುಟ್ಟಲಿಲ್ಲ. ‘ಚಾರಿತ್ರಿಕ ಸ್ಮಾರಕ’ಕ್ಕಾಗಿ ಚರಿತ್ರೆಯನ್ನೇ ಕೆಡವಿದ್ದು ಎಂಥ ಲೆಕ್ಕ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಲ್ಲಿಂದ ಕೋರ್ಟ್‌ಹೌಸ್: ಇಲ್ಲಿ ಅವಸರ ಬೇಡ

ಒಂದೇ ಜಾಗ ನೋಡಲು ಹೊತ್ತಿದೆ ಅಂದರೆ ನಾನು ಟ್ರಾಮ್ ಬಿಟ್ಟು ಇಲ್ಲಿಗೆ ಕಳಿಸುತ್ತೇನೆ. ಆರ್ಚ್ ಹೊರಗಿಂದಲೂ ಕಾಣುತ್ತದೆ. ಕೋರ್ಟ್‌ಹೌಸ್ ಒಳಗೆ ಹೋಗಬೇಕು. ಪ್ರವೇಶ ಪುಕ್ಕಟೆ. ರಿಪೇರಿಗಾಗಿ ಕೆಲವು ವರ್ಷ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆದಿದೆ.

ಒಳಗೆ ಹೋಗುವ ಮೊದಲು ಹೊರಗಿನ ಕಂಚಿನ ಪ್ರತಿಮೆ ನೋಡಿ. ಗಂಡ ಹೆಂಡತಿ, ಡ್ರೆಡ್ ಸ್ಕಾಟ್ ಮತ್ತು ಹ್ಯಾರಿಯೆಟ್ ಸ್ಕಾಟ್. ಇಬ್ಬರೂ ಗುಲಾಮರು. ಗುಲಾಮಗಿರಿ ಇಲ್ಲದ ಪ್ರದೇಶಗಳಲ್ಲಿ ವರ್ಷಗಟ್ಟಲೆ ಇದ್ದು ಬಂದಿದ್ದರು. ಹಾಗೆ ಇದ್ದವರು ಸ್ವತಂತ್ರರು ಅಂತ ಮಿಸೌರಿಯ ಕೋರ್ಟುಗಳೇ ಹಿಂದೆ ಹಲವು ಸಲ ಒಪ್ಪಿದ್ದವು. ಅದನ್ನೇ ಹಿಡಿದು 1846ರಲ್ಲಿ ಇಬ್ಬರೂ ಬಿಡುಗಡೆಗೆ ದಾವೆ ಹಾಕಿದರು. 1847ರ ವಿಚಾರಣೆಯಲ್ಲಿ ಸಾಕ್ಷಿಯ ತಾಂತ್ರಿಕ ದೋಷದಿಂದ ಸೋತರು. 1850ರಲ್ಲಿ ಇದೇ ಕಟ್ಟಡದಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. 1852ರಲ್ಲಿ ಮಿಸೌರಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕೇಸು ಕೊನೆಗೆ ವಾಷಿಂಗ್ಟನ್ ಮುಟ್ಟಿತು. 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು: ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, ಕೇಸು ಹಾಕುವ ಹಕ್ಕೇ ಅವರಿಗಿಲ್ಲ. ಉತ್ತರದ ರಾಜ್ಯಗಳು ಕುದ್ದುಹೋದವು. ನಾಲ್ಕು ವರ್ಷಕ್ಕೆ ಯುದ್ಧ ಶುರುವಾಯಿತು.

ಆ ತೀರ್ಪಿನ ಕೆಲವೇ ವಾರಗಳಲ್ಲಿ ಸ್ಕಾಟ್ ಕುಟುಂಬಕ್ಕೆ ಬಿಡುಗಡೆ ಸಿಕ್ಕಿತು. ಕೋರ್ಟಿನಿಂದಲ್ಲ. ಡ್ರೆಡ್‌ನ ಮೊದಲ ಒಡೆಯನ ಮಗ ಟೇಲರ್ ಬ್ಲೋ ಅನ್ನುವವನು ಇವರೆಲ್ಲರನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡು ಬಿಡುಗಡೆ ಪತ್ರ ಬರೆದುಕೊಟ್ಟ. ಡ್ರೆಡ್ ಸ್ವತಂತ್ರನಾಗಿ ಬದುಕಿದ್ದು ಒಂದು ವರ್ಷ ಚಿಲ್ಲರೆ, 1858ರಲ್ಲಿ ತೀರಿಕೊಂಡ. ಊರಿನ ಉತ್ತರಕ್ಕಿರುವ ಕ್ಯಾಲ್ವರಿ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಬಂದವರು ಅದರ ಮೇಲೆ ಲಿಂಕನ್ ಮುಖ ಮೇಲೆ ಮಾಡಿ ಪೆನ್ನಿ (ಒಂದು ಸೆಂಟ್ ನಾಣ್ಯ) ಇಟ್ಟು ಹೋಗುತ್ತಾರೆ.

ಕೇಸು ನಡೆದ ಕೋಣೆ ಈಗ ಹಾಗೇ ಉಳಿದಿಲ್ಲ. ಮೇಲಿನ ಮಹಡಿಯ ಹಳೇ ಕೋರ್ಟು ಕೋಣೆಗಳನ್ನು ನೋಡಿ, ಜ್ಯೂರಿ ಕುರ್ಚಿಗಳು ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ. ಗುಮ್ಮಟದ ಕೆಳಗೆ ನಿಂತು ತಲೆಯೆತ್ತಿ ನೋಡುವುದನ್ನೂ ಬಿಡಬೇಡಿ. ಇದೇ ಕಟ್ಟಡದ ಮೆಟ್ಟಿಲ ಮೇಲೆ, ಸತ್ತ ಒಡೆಯರ ಆಸ್ತಿ ಹಂಚುವಾಗ ಗುಲಾಮರನ್ನು ಹರಾಜು ಹಾಕುತ್ತಿದ್ದರು. ಮಹಿಳೆಯರಿಗೆ ಮತ ಕೊಡಿ ಅಂತ ವರ್ಜೀನಿಯಾ ಮೈನರ್ ಹಾಕಿದ ಕೇಸೂ ಇಲ್ಲಿಯದ್ದೇ. ಆಕೆಯೂ 1875ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಪಾರ್ಕಿನ ಸಿಬ್ಬಂದಿಯಾದ ರೇಂಜರ್‌ಗಳು ಮಾತಾಡಲು ಸಿಕ್ಕರೆ ಬಿಡಬೇಡಿ, ಬೋರ್ಡಿನಲ್ಲಿ ಇಲ್ಲದ್ದು ಬಹಳ ಹೇಳುತ್ತಾರೆ.

ಇಲ್ಲಿಂದ ಕೆಲವು ಹೆಜ್ಜೆ ಪಶ್ಚಿಮಕ್ಕೆ ಹೋದರೆ ಸೆವೆಂತ್ ಮತ್ತು ಚೆಸ್ಟ್‌ನಟ್ ಬೀದಿಯ ಮೂಲೆಯಲ್ಲಿ ಕೆಂಪು ವೇನ್‌ರೈಟ್ ಬಿಲ್ಡಿಂಗ್. 1891ರದ್ದು, ಹತ್ತೇ ಮಹಡಿ. ಇದರ ಮುಂದೆ ನಿಂತು ‘ಇದೇನು ದೊಡ್ಡದು?’ ಅನ್ನುವುದು ಸಹಜ. ಉಕ್ಕಿನ ಹಂದರದ ಎತ್ತರದ ಕಟ್ಟಡಕ್ಕೆ ಎತ್ತರದ ರೂಪ ಕೊಟ್ಟ ಮೊದಲಿಗರಲ್ಲಿ ವಾಸ್ತುಶಿಲ್ಪಿ ಲೂಯಿಸ್ ಸಲಿವನ್ ಒಬ್ಬರು, ಅದನ್ನು ಅವರು ಮಾಡಿ ತೋರಿಸಿದ್ದು ಇಲ್ಲಿ. ಕಿಟಕಿಗಳ ನಡುವಿನ ಮಣ್ಣಿನ ಕೆತ್ತನೆ ಮಹಡಿಯಿಂದ ಮಹಡಿಗೆ ಬೇರೆ ಬೇರೆ. ಹೊರಗಿಂದ ನೋಡಿದರೆ ಸಾಕು.

ಬಿಸಿಲು ಇಳಿದ ಮೇಲೆ ಈಡ್ಸ್ ಸೇತುವೆ

ಈ ಸೇತುವೆಯ ಮೇಲೆ ನಡೆಯಬಹುದು ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ದಕ್ಷಿಣದ ಬದಿಯಲ್ಲಿ ಕಾಲುದಾರಿ ಇದೆ. ನಡುವೆ ನಿಂತರೆ ಒಂದು ಕಡೆ ಆರ್ಚ್, ಕೆಳಗೆ ಕಂದು ನೀರು, ಕಾಲಡಿಯಲ್ಲಿ ರೈಲು ಹೋಗುವ ನಡುಕ.

ಇದನ್ನು ಕಟ್ಟಿದ ಜೇಮ್ಸ್ ಈಡ್ಸ್ ಅದಕ್ಕೆ ಮೊದಲು ಒಂದು ಸೇತುವೆಯನ್ನೂ ಕಟ್ಟಿದವರಲ್ಲ. ಮುಳುಗಿದ ಹಡಗುಗಳ ಸರಕು ಎತ್ತುವ ಕೆಲಸ ಮಾಡುತ್ತಿದ್ದವರು. ನದಿಯ ತಳದಲ್ಲಿ ತಾವೇ ನಡೆದಾಡಿದ್ದರಿಂದ ಮರಳು ಹೇಗೆ ಕೊಚ್ಚಿ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಬಂಡೆ ಸಿಗುವ ತನಕ ಕಂಬ ಇಳಿಸಲೇಬೇಕು ಅಂತ ಪಟ್ಟು ಹಿಡಿದರು. ಅದಕ್ಕೆ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ಕೂಲಿಗಳು ನದಿಯ ತಳ ಅಗೆಯಬೇಕಿತ್ತು. ಮೇಲೆ ಬೇಗ ಬಂದವರಿಗೆ ಕೈಕಾಲು ಸೆಟೆದು ಸಹಿಸಲಾಗದ ನೋವು. ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ. ಸತು ಮತ್ತು ಬೆಳ್ಳಿಯ ಪಟ್ಟಿ ಕಟ್ಟಿಕೊಂಡರೆ ಬರುವುದಿಲ್ಲ ಅಂತ ನಂಬಿಕೊಂಡು ಇಳಿದರು. ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವುದೇ ಆ ರೋಗ ಅಂತ ಈಗ ನಮಗೆ ಗೊತ್ತು. ಹತ್ತಕ್ಕಿಂತ ಹೆಚ್ಚು ಜನ ಸತ್ತರು.

ಉಕ್ಕಿನಲ್ಲಿ ಇಷ್ಟು ದೊಡ್ಡ ಸೇತುವೆ ಅದೇ ಮೊದಲು. ಜನ ನಂಬಲಿಲ್ಲ. ಆಗ ಒಂದು ಆನೆಯನ್ನು ಅದರ ಮೇಲೆ ನಡೆಸಿದರು. ಗಟ್ಟಿಯಿಲ್ಲದ ಜಾಗಕ್ಕೆ ಆನೆ ಕಾಲಿಡುವುದಿಲ್ಲ ಅನ್ನುವ ನಂಬಿಕೆ ಅಲ್ಲಿಯೂ ಇತ್ತು, ನೋಡಿ. ಆನೆ ದಾಟಿತು. 1874ರ ಜುಲೈ 4ರಂದು ಸೇತುವೆ ತೆರೆಯಿತು.

ನದಿಗೆ ಇಳಿಯುವ ಹೊತ್ತಿಗೆ ನೀರಿನ ಮಟ್ಟದ ಮೇಲೆ ಕಣ್ಣಿರಲಿ. 30 ಅಡಿ ದಾಟಿದರೆ ಪ್ರವಾಹ ಅಂತ ಲೆಕ್ಕ. 1993ರ ಆಗಸ್ಟ್ 1ರಂದು 49.58 ಅಡಿ ಮುಟ್ಟಿತ್ತು. ಈಗಲೂ ವಸಂತದಲ್ಲಿ ನದಿ ಉಕ್ಕಿದರೆ ದಂಡೆಯ ರಸ್ತೆ ಮುಚ್ಚುತ್ತಾರೆ.

ರಾತ್ರಿ ಯೂನಿಯನ್ ಸ್ಟೇಷನ್

1894ರ ರೈಲು ನಿಲ್ದಾಣ, ಈಗ ಹೋಟೆಲು. 1948ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ಟ್ರೂಮನ್ ತಾನು ಸೋತಿದ್ದೇನೆ ಅಂತ ಅಚ್ಚಾದ ಪೇಪರನ್ನು ಎತ್ತಿ ಹಿಡಿದು ನಗುವ ಫೋಟೋ ಇದೆಯಲ್ಲ, ಅದು ಇಲ್ಲಿ ತೆಗೆದದ್ದು. ಹೋಟೆಲಲ್ಲಿ ತಂಗದಿದ್ದರೂ ಗ್ರ್ಯಾಂಡ್ ಹಾಲ್‌ಗೆ ಹೋಗಿ ಕೂರಬಹುದು. ಸಂಜೆ ಚಾವಣಿಯ ಮೇಲೆ ಬೆಳಕಿನ ಆಟ ಇರುತ್ತದೆ.

ಬಾಗಿಲ ಬಳಿಯ ಕಮಾನನ್ನು ಹುಡುಕಿ. ಒಂದು ಮೂಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಇನ್ನೊಂದು ತುದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಗೋಳಗುಮ್ಮಟ ನೋಡಿದವರಿಗೆ ಇದು ಪುಟಾಣಿ ಅನ್ನಿಸಬಹುದು, ಆದರೆ ಮಕ್ಕಳಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಇದೇ. ರಸ್ತೆಯಾಚೆ ಕಾರ್ಲ್ ಮಿಲ್ಲೆಸ್ ಮಾಡಿದ 1940ರ ಕಾರಂಜಿಯಿದೆ. ಮಿಸಿಸಿಪ್ಪಿ ನದಿ ಗಂಡು, ಮಿಸೌರಿ ನದಿ ಹೆಣ್ಣು, ಇಬ್ಬರೂ ಎದುರಾಗುತ್ತಿರುವ ದೃಶ್ಯ. ನಿಜವಾದ ಸಂಗಮ ಊರಿನ ಉತ್ತರಕ್ಕಿದೆ. ಶಿಲ್ಪಗಳು ಬೆತ್ತಲಾಗಿವೆ ಅಂತ ಆಗ ದೊಡ್ಡ ಗಲಾಟೆಯಾಗಿತ್ತು.

ಎರಡನೇ ದಿನ ಬೆಳಿಗ್ಗೆ: ಕಹೋಕಿಯಾ ದಿಬ್ಬಗಳು

ಇದಕ್ಕೆ ಕಾರು ಬೇಕು. ನದಿ ದಾಟಿ ಇಲಿನಾಯ್‌ನ ಕಾಲಿನ್ಸ್‌ವಿಲ್ ಕಡೆಗೆ ಹತ್ತಿಪ್ಪತ್ತು ನಿಮಿಷ. ಬೇಗ ಹೊರಡಿ, ಅಲ್ಲಿ ನೆರಳು ಕಡಿಮೆ.

ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಇಲ್ಲಿ ಹತ್ತಿಪ್ಪತ್ತು ಸಾವಿರ ಜನರ ಊರು ಇತ್ತು. ಮೆಕ್ಕೆಜೋಳ ಬೆಳೆಯುತ್ತಿದ್ದರು. ಬುಟ್ಟಿಯಲ್ಲಿ ಮಣ್ಣು ಹೊತ್ತು ನೂರಕ್ಕೂ ಹೆಚ್ಚು ದಿಬ್ಬ ಕಟ್ಟಿದರು. ಚಕ್ರದ ಗಾಡಿಯಿಲ್ಲ, ಎತ್ತು ಕುದುರೆಯಿಲ್ಲ. ಎಲ್ಲಕ್ಕಿಂತ ದೊಡ್ಡದಾದ ಮಂಕ್ಸ್ ಮೌಂಡ್ ನೂರು ಅಡಿ ಎತ್ತರ, ಬುಡ ಹದಿನಾಲ್ಕು ಎಕರೆ. 1982ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ದೂರದಿಂದ ನೋಡಿದರೆ ಹುಲ್ಲು ಬೆಳೆದ ಗುಡ್ಡ ಅಷ್ಟೇ. ‘ಇದಕ್ಕಾ ಇಷ್ಟು ದೂರ?’ ಅಂತ ಜೊತೆಯವರು ಕೇಳಿದರೆ ಉತ್ತರ ಕೊಡದೆ ಮೆಟ್ಟಿಲು ಹತ್ತಿಸಿ. ನೂರೈವತ್ತು ದಾಟುತ್ತವೆ, ನಡುವೆ ನಿಂತು ದಮ್ಮು ತೆಗೆದುಕೊಳ್ಳಲು ಜಾಗವಿದೆ. ಮೇಲೆ ಹೋದ ಮೇಲೆ ಇದು ಮನುಷ್ಯರು ಹೊತ್ತು ಹಾಕಿದ ಮಣ್ಣು ಅಂತ ಒಮ್ಮೆ ನೆನಪಿಸಿ. ದಿಗಂತದಲ್ಲಿ ಆರ್ಚ್ ಸಣ್ಣಗೆ ಕಾಣುತ್ತದೆ. ಸೇಂಟ್ ಲೂಯಿಸ್‌ನಲ್ಲೂ ಇಂಥ ದಿಬ್ಬಗಳ ಸಾಲೇ ಇತ್ತು. ಊರು ಬೆಳೆಯಲು ಅವನ್ನು ನೆಲಸಮ ಮಾಡಿದರು, ಬಿಗ್ ಮೌಂಡ್ ಅನ್ನುವುದು 1869ರಲ್ಲಿ ಹೋಯಿತು.

ಇಲ್ಲಿನ ಮ್ಯೂಸಿಯಂ ಕಟ್ಟಡ ರಿಪೇರಿಗಾಗಿ 2022ರಿಂದ ಮುಚ್ಚಿತ್ತು. ತೆರೆದಿದೆಯೇ ಅಂತ ನೋಡಿಕೊಂಡು ಹೋಗಿ. ಮುಚ್ಚಿದ್ದರೂ ದಿಬ್ಬ ಹತ್ತಲು ಅಡ್ಡಿಯಿಲ್ಲ. ನೀರು, ಟೋಪಿ ಮರೆಯಬೇಡಿ.

ಮಧ್ಯಾಹ್ನ ಫಾರೆಸ್ಟ್ ಪಾರ್ಕ್, ಮೊಸಾಯಿಕ್ ಚರ್ಚು

1904ರ ವಿಶ್ವ ಮೇಳ ನಡೆದ ಜಾಗ ಈ ಪಾರ್ಕು. ಅರಮನೆಯಂಥ ಕಟ್ಟಡಗಳಲ್ಲಿ ಹೆಚ್ಚಿನವು ಗಾರೆ ಮತ್ತು ನಾರಿನಲ್ಲಿ ಮಾಡಿದ್ದು, ಮೇಳ ಮುಗಿದ ಮೇಲೆ ಕೆಡವಿದರು. ಗುಡ್ಡದ ಮೇಲಿನ ಆರ್ಟ್ ಮ್ಯೂಸಿಯಂ ಕಲ್ಲಿನದ್ದು, ಉಳಿಯಿತು. ಮೃಗಾಲಯದ ದೊಡ್ಡ ಹಕ್ಕಿ ಪಂಜರವೂ ಮೇಳದ್ದೇ. ಆರ್ಟ್ ಮ್ಯೂಸಿಯಂ, ಹಿಸ್ಟರಿ ಮ್ಯೂಸಿಯಂ, ಮೃಗಾಲಯ ಮೂರಕ್ಕೂ ಪ್ರವೇಶ ಪುಕ್ಕಟೆ, ಊರಿನವರ ಆಸ್ತಿ ತೆರಿಗೆಯಲ್ಲಿ ನಡೆಯುತ್ತವೆ. ಮೃಗಾಲಯದ ಪಾರ್ಕಿಂಗ್‌ಗೆ ಮಾತ್ರ ದುಡ್ಡು. ಸೋಮವಾರ ಆರ್ಟ್ ಮ್ಯೂಸಿಯಂ ಮುಚ್ಚಿರುತ್ತದೆ.

ಮೂರನ್ನೂ ಒಂದೇ ಮಧ್ಯಾಹ್ನ ಮುಗಿಸಲು ಹೋಗಬೇಡಿ. ಇತಿಹಾಸಕ್ಕೇ ಬಂದವರು ಹಿಸ್ಟರಿ ಮ್ಯೂಸಿಯಂ ಆರಿಸಿಕೊಳ್ಳಿ. ಮೇಳದ ಬೆಡಗಿನ ಜೊತೆಗೆ ಅದರ ಕೆಟ್ಟ ಮುಖವೂ ಅಲ್ಲಿದೆ: ಫಿಲಿಪೀನ್ಸ್‌ನಿಂದ ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದು, ಹಳ್ಳಿಯಂತೆ ಕಟ್ಟಿ, ಅವರ ಬದುಕನ್ನೇ ಪ್ರದರ್ಶನಕ್ಕಿಟ್ಟಿದ್ದರು.

ಸಂಜೆಗೆ ಮೊದಲು ಲಿಂಡೆಲ್ ರಸ್ತೆಯ ಕ್ಯಾಥೆಡ್ರಲ್ ಬೆಸಿಲಿಕಾಗೆ ಹೋಗಿ. ಮೊದಲ ದಿನ ನೋಡಿದ ಹಳೇ ಕ್ಯಾಥೆಡ್ರಲ್ ಬೇರೆ, ಇದು ಬೇರೆ. ಮ್ಯಾಪ್‌ನಲ್ಲಿ ಎರಡೂ ಗೊಂದಲ ಮಾಡುತ್ತವೆ. ಒಳಗೆ ಗೋಡೆ, ಗುಮ್ಮಟ ಎಲ್ಲ ಮೊಸಾಯಿಕ್. 4.15 ಕೋಟಿ ಗಾಜಿನ ಚೂರು, ಏಳು ಸಾವಿರಕ್ಕೂ ಹೆಚ್ಚು ಬಣ್ಣ. 1912ರಲ್ಲಿ ಶುರುವಾದ ಕೆಲಸ ಮುಗಿದಿದ್ದು 1988ರಲ್ಲಿ. ಪ್ರಾರ್ಥನೆ, ಮದುವೆಗಳ ಹೊತ್ತು ತಪ್ಪಿಸಿ.

ಊಟದ ವಿಷಯ

ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. ಈ ಊರಿನ ಹೆಮ್ಮೆಯ ಟೋಸ್ಟೆಡ್ ರವಿಯೋಲಿ ನೋಡಲು ನಮ್ಮ ಕರಿದ ತಿಂಡಿಯಂತೇ ಇರುತ್ತದೆ, ಒಳಗೆ ಸಾಮಾನ್ಯವಾಗಿ ದನದ ಮಾಂಸ. ಕೇಳಿಯೇ ತಿನ್ನಿ. ಗೂಯಿ ಬಟರ್ ಕೇಕ್, ಹಳೇ ಹೆದ್ದಾರಿ ರೂಟ್ 66 ಮೇಲಿನ ಟೆಡ್ ಡ್ರೂಸ್ ಅಂಗಡಿಯ ಫ್ರೋಜನ್ ಕಸ್ಟರ್ಡ್ ಎರಡರಲ್ಲೂ ಮೊಟ್ಟೆ ಇದೆ. ಮೊಟ್ಟೆ ನಡೆಯುತ್ತದೆ ಅಂದರೆ ಕಸ್ಟರ್ಡ್ ಬಿಡಬೇಡಿ. ಕಪ್ಪನ್ನು ತಲೆಕೆಳಗು ಮಾಡಿ ತೋರಿಸಿ ಕೊಡುತ್ತಾರೆ, ಒಂದು ಹನಿಯೂ ಬೀಳುವುದಿಲ್ಲ. ಡೌನ್‌ಟೌನ್ ಭಾನುವಾರ ಸಂಜೆ ಬಿಕೋ ಅನ್ನುತ್ತದೆ, ಊಟಕ್ಕೆ ಸೆಂಟ್ರಲ್ ವೆಸ್ಟ್ ಎಂಡ್ ಕಡೆ ಹೋಗುವುದು ವಾಸಿ.

ಇನ್ನೂ ಅರ್ಧ ದಿನ ಸಿಕ್ಕರೆ

ಚೈನ್ ಆಫ್ ರಾಕ್ಸ್ ಸೇತುವೆಗೆ ಹೋಗಿ. 1929ರದ್ದು, ಒಂದು ಮೈಲಿ ಉದ್ದ, ಹಿಂದೆ ರೂಟ್ 66 ಇದರ ಮೇಲೇ ಹೋಗುತ್ತಿತ್ತು. ನದಿಯ ನಡುವೆ ಸೇತುವೆ ಸೊಟ್ಟಗೆ ತಿರುಗುತ್ತದೆ. ನೇರ ಕಟ್ಟಿದರೆ ನೀರೆತ್ತುವ ಗೋಪುರಗಳ ಹತ್ತಿರ ದೋಣಿ ನಡೆಸುವುದು ಅಪಾಯ ಅಂತ ನಾವಿಕರು ತಕರಾರು ತೆಗೆದಿದ್ದರಿಂದ ಹಾಗಾಯಿತು. ಕೋಟೆಯಂತೆ ಕಾಣುವ ಆ ಗೋಪುರಗಳು ನದಿಯ ನಡುವೆ ಇನ್ನೂ ಇವೆ. 1999ರಿಂದ ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ. ಹಗಲಲ್ಲಿ ಹೋಗಿ, ಕಾರಲ್ಲಿ ಏನೂ ಬಿಡಬೇಡಿ.

ಅದು ಬೇಡ, ಹಿರಿಯರಿಗೆ ನಡೆಯಲು ಆಗದು ಅಂದರೆ ಸಂಜೆ ಈಸ್ಟ್ ಸೇಂಟ್ ಲೂಯಿಸ್‌ನ ಮಾಲ್ಕಮ್ ಮಾರ್ಟಿನ್ ಪಾರ್ಕಿಗೆ ಕರೆದುಕೊಂಡು ಹೋಗಿ. ಆರ್ಚ್‌ಗೆ ನೇರ ಎದುರು, ನದಿಯ ಆಚೆ ದಡ. ವೀಕ್ಷಣಾ ಕಟ್ಟೆಗೆ ಇಳಿಜಾರು ದಾರಿಯಿದೆ, ವೀಲ್‌ಚೇರ್ ತುದಿಯವರೆಗೂ ಹೋಗುತ್ತದೆ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ತಲುಪಿ. ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ಒಳಗೆ ಹೋಗುವಾಗಲೇ ಬೋರ್ಡು ನೋಡಿಕೊಳ್ಳಿ.